ಸಣ್ಣ ಸೌಂಡಿನಲ್ಲಿ ಕೇಳಿದ ದೊಡ್ಡ ಹಾಡುಗಳು

ಕುಮಾರಪಟ್ಟಣದಲ್ಲಿ ಬೆಳೆದವರಿಗೆ ಹಗಲು ಹೊತ್ತಿನಲ್ಲಿ ಮೆಲ್ಲಗೆ ಮಾತಾಡುವುದು ಸಣ್ಣಂದಿನಿಂದಲೇ ರೂಢಿ. ಅಲ್ಲಿನ ಹರಿಹರ ಪಾಲಿಫೈಬರ್ಸ್ ಮತ್ತು ಗ್ರಾಸಿಲಿನ್ ಎರಡೂ ಮೂರು ಪಾಳಿಯಲ್ಲಿ ನಡೆಯುವ ಕಾರ್ಖಾನೆಗಳು. ನೀಲಗಿರಿ ಕಟ್ಟಿಗೆ ಪಲ್ಪ್ ಆಗಿ, ಪಲ್ಪ್ ಬಟ್ಟೆಯ ಎಳೆಯಾಗುವ ಕೆಲಸಕ್ಕೆ ಹಗಲು ರಾತ್ರಿ ಎಂಬುದಿಲ್ಲ. ಹಾಗಾಗಿ ಯಾವ ಹೊತ್ತಿಗೆ ನೋಡಿದರೂ ಓಣಿಯ ಒಂದಲ್ಲ ಒಂದು ಮನೆಯಲ್ಲಿ ಯಾರದೋ ಅಪ್ಪ ನೈಟ್ ಶಿಫ್ಟ್ ಮುಗಿಸಿ ಮಲಗಿರುತ್ತಿದ್ದರು. ಇಂಥ ಊರಿನಲ್ಲಿ ನಾವು ಗೆಳೆಯರು ಡ್ರಮ್ಸು, ಎಲೆಕ್ಟ್ರಿಕ್ ಗಿಟಾರುಗಳ ಹಾಡಿಗೆ ಮನಸೋತೆವು.

'ಸೌಂಡ್ ಕಡಿಮಿ ಮಾಡ್ರೋ, ನಿಮ್ಮಪ್ಪಾರು ಈಗರೆ ಮಕ್ಕೊಂಡಾರ' ಎಂದು ಅವ್ವ ಒಳಗಿನಿಂದ ಹೇಳುತ್ತಿದ್ದಳು. ಟೂ ಇನ್ ಒನ್‌ನ ಸುತ್ತ ತಲೆಗೆ ತಲೆ ಹಚ್ಚಿ ಕೂತು, ಸ್ಪೀಕರಿನ ಜಾಳಿಗೆಗೆ ಕಿವಿ ಇಟ್ಟು ಕೇಳುತ್ತಿದ್ದೆವು. ಹಾಗೆ ಕೇಳಿದ್ದರಿಂದಲೇ ಏನೋ, ಬಾಸ್ ಗಿಟಾರ್ ಎಲ್ಲಿ ಸೇರಿತು, ಡ್ರಮ್ಸಿನವನು ಎಲ್ಲಿ ಕೈ ಬದಲಿಸಿದ ಎಂಬುದು ಈಗಲೂ ನನಗೆ ಬಾಯಿಪಾಠ.

ಮೊದಲು ಬಂದದ್ದು ಇಂಗ್ಲಿಷ್ ಹಾಡಲ್ಲ, 1987ರ 'ಪ್ರೇಮಲೋಕ'. ಹಂಸಲೇಖ ಸಾಹಿತ್ಯ, ಸಂಗೀತ ಎರಡನ್ನೂ ತಾವೇ ಮಾಡಿದ್ದ ಆ ಕ್ಯಾಸೆಟ್ ಮದುವೆ ಮನೆಯಿಂದ ಹಿಡಿದು ಬಸ್ಸಿನವರೆಗೆ ಎಲ್ಲ ಕಡೆ ಮೊಳಗಿತು. ಕಾಲೇಜು, ಬೈಕು, ತರಗತಿ, ಪ್ರೇಮಪತ್ರ ಎಲ್ಲವೂ ಅಷ್ಟು ಜೋರಾದ ತಾಳದಲ್ಲಿ ಕನ್ನಡದ ಹಾಡಾಗಬಹುದು ಎಂದು ನಮಗೆ ತೋರಿಸಿಕೊಟ್ಟವರು ಹಂಸಲೇಖ ಮತ್ತು ರವಿಚಂದ್ರನ್. ಮರುವರ್ಷ 'ರಣಧೀರ' ಬಂತು. ಹೈಸ್ಕೂಲಿನ ಬೆಂಚುಗಳು ನಮ್ಮ ಡ್ರಮ್ಸ್ ಆದದ್ದು ಆಗ.

ಅದಕ್ಕೂ ಹಿಂದಿನದು 'ಗೀತಾ'. 1981ರ ಆ ಚಿತ್ರವನ್ನು ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ್ದರು. ಇಳಯರಾಜಾ ಸಂಗೀತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಕಂಠ. ಅದರ ಸಂತೋಷದ ಹಾಡು ಶುರುವಾದರೆ ಗ್ಯಾದರಿಂಗಿನಲ್ಲಿ ಕೂತವರು ಯಾರೂ ಕೂತೇ ಇರುತ್ತಿರಲಿಲ್ಲ. 1990ರ ಸೆಪ್ಟೆಂಬರ್ 30, ಭಾನುವಾರ, ಅದೇ ಶಂಕರ್ ನಾಗ್ ದಾವಣಗೆರೆ ಸಮೀಪದ ಆನಗೋಡಿನ ಹತ್ತಿರ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಇನ್ನೂ ಮೂವತ್ತೈದು. ಅಪಘಾತವಾದದ್ದು ನಮ್ಮದೇ ಪಿ.ಬಿ. (ಪುಣೆ-ಬೆಂಗಳೂರು) ರೋಡಿನಲ್ಲಿ. ಹರಿಹರದ ಸೇತುವೆ ದಾಟಿ ನಮ್ಮೂರ ಮಗ್ಗಲಲ್ಲೇ ಹುಬ್ಬಳ್ಳಿಗೆ ಹೋಗುವ ರೋಡು. ಅವತ್ತು ಸಂಜೆ ನಾವು ಹೊಳೆದಂಡೆಗೆ ಹೋಗಿ 'ಗೀತಾ' ಕ್ಯಾಸೆಟ್ ಹಾಕಿದೆವು. ಸಂತೋಷದ ಹಾಡು ಬಂದಾಗ ಒಬ್ಬ ಎದ್ದು ಬಂದ್ ಮಾಡಿದ. ಇನ್ನೊಬ್ಬ 'ಇರಲಿ ಬಿಡ್ಲೇ, ಆತ ಹಾಡಿಸಿದ್ದು ಕೇಳಾಕ' ಎಂದು ಮತ್ತೆ ಹಚ್ಚಿದ. ಪೂರ್ತಿ ಕೇಳಿದೆವು. ಆಟೋಗಳ ಬೆನ್ನ ಮೇಲೆ ಅವರ ಚಿತ್ರ ಇವತ್ತಿಗೂ ಇದೆ. ನಮ್ಮ ಪಾಲಿಗೆ ಅವರು ಆ ಸಂಜೆಯ ಹಾಡಿನಲ್ಲೂ ಇದ್ದಾರೆ.

ಹೊಳೆದಂಡೆ ನಮ್ಮ ಸ್ವಂತ ಸಭಾಂಗಣ. ತುಂಗಭದ್ರೆಯ ಆಚೆ ದಡ ಹರಿಹರ, ಆಗಿನ ಚಿತ್ರದುರ್ಗ ಜಿಲ್ಲೆ. ಈಚೆ ದಡದ ನಾವು ಧಾರವಾಡ ಜಿಲ್ಲೆಯವರು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಹೊಳೆಯ ಹತ್ತಿರ ಯಾರಪ್ಪನೂ ಮಲಗಿರುವುದಿಲ್ಲವಲ್ಲ, ಅಲ್ಲಿ ಸೌಂಡ್ ಪೂರ್ತಿ ಕೊಡಬಹುದಿತ್ತು. ಆದರೆ ಸೆಲ್ಲಿಗೆ ದುಡ್ಡು ಹೊಂದಿಸಬೇಕು. ಸೆಲ್ಲು ಸೋತಂತೆ ಹಾಡು ಎಳೆಯತೊಡಗುತ್ತಿತ್ತು, ಹಾಡುವವನ ದನಿ ದಪ್ಪವಾಗುತ್ತಿತ್ತು. ಸೆಲ್ ಬಿಚ್ಚಿ ಬಿಸಿಲಿಗೆ ಕಾದ ಬಂಡೆಯ ಮೇಲಿಟ್ಟು, ತುಸು ಹೊತ್ತು ಬಿಟ್ಟು ಮತ್ತೆ ಹಾಕಿದರೆ ಇನ್ನೊಂದೆರಡು ಹಾಡಿಗೆ ಜೀವ ಬರುತ್ತಿತ್ತು.

ಇಂಗ್ಲಿಷ್ ಹಾಡುಗಳು ದಾವಣಗೆರೆಯಿಂದ ಬಂದವು. ಅಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಿಗೆ ದೇಶದ ನಾನಾ ಕಡೆಯ ಹುಡುಗರು ಬಂದು ಹಾಸ್ಟೆಲಿನಲ್ಲಿ ಇರುತ್ತಿದ್ದರು. ಜೊತೆಗೆ ಕ್ಯಾಸೆಟ್ಟುಗಳನ್ನೂ ತರುತ್ತಿದ್ದರು. ನಮ್ಮ ಗುಂಪಿನ ಒಬ್ಬನ ಅಣ್ಣ ಅಲ್ಲಿ ಓದುತ್ತಿದ್ದ. ಆತ ಶನಿವಾರ ಊರಿಗೆ ಬಂದರೆ ನಮ್ಮ ಕಣ್ಣು ಅವನ ಚೀಲದ ಮೇಲೆ. ಬ್ರಯಾನ್ ಆಡಮ್ಸ್, ಪಿಂಕ್ ಫ್ಲಾಯ್ಡ್, ಸ್ಕಾರ್ಪಿಯನ್ಸ್, ಕ್ವೀನ್ ಎಲ್ಲರೂ ಆ ಚೀಲದಲ್ಲೇ ನಮ್ಮೂರಿಗೆ ಬಂದರು. ಭಾನುವಾರ ಸಂಜೆಯೊಳಗೆ ಕ್ಯಾಸೆಟ್ ವಾಪಸು ಕೊಡಬೇಕು. ಹರಿಹರದ ರೆಕಾರ್ಡಿಂಗ್ ಅಂಗಡಿಗೆ ಸೈಕಲ್ ತುಳಿದು, ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಹಾಡು ಇಳಿಸಿಕೊಂಡು, ನೆತ್ತಿಯ ಮೇಲಿನ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು ಮುರಿದರೆ ನೆಮ್ಮದಿ. ಅವನ್ನು ಮುರಿದ ಮೇಲೆ ತಪ್ಪಿಯೂ ಯಾರೂ ಅಳಿಸಲಾರರು. ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವುದು, ಹೆಡ್ಡಿಗೆ ಮಣ್ಣು ಕಟ್ಟಿದರೆ ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸುವುದು, ಇವೆಲ್ಲ ನಮ್ಮಲ್ಲಿ ಒಬ್ಬೊಬ್ಬರಿಗೆ ವಹಿಸಿದ ಕೆಲಸ.

'ಹೋಟೆಲ್ ಕ್ಯಾಲಿಫೋರ್ನಿಯಾ' ಆರೂವರೆ ನಿಮಿಷದ ಹಾಡು. ಈಗಲ್ಸ್ ತಂಡದ ಡಾನ್ ಫೆಲ್ಡರ್ ಮತ್ತು ಜೋ ವಾಲ್ಶ್ ಕೊನೆಗೆ ಇಬ್ಬರೂ ಕೂಡಿ ಗಿಟಾರ್ ನುಡಿಸುತ್ತಾರೆ. ನಮ್ಮ ಕ್ಯಾಸೆಟ್ಟಿನಲ್ಲಿ ಅದು ಒಂದು ಬದಿಯ ಕೊನೆಯ ಹಾಡು. ಗಿಟಾರು ಏರುತ್ತ ಏರುತ್ತ ಇರುವಾಗಲೇ ರೀಲು ಮುಗಿದು ಟಕ್ ಎಂದು ಬಟನ್ ಮೇಲೇಳುತ್ತಿತ್ತು. ಹಾಡು ಇರುವುದೇ ಅಷ್ಟು ಎಂದು ಬಹಳ ದಿನ ನಂಬಿದ್ದೆವು. ಮುಂದೆ ಪಿಯುಸಿಯಲ್ಲಿದ್ದಾಗ ದಾವಣಗೆರೆಯ ಒಂದು ಹಾಸ್ಟೆಲ್ ಕೋಣೆಯಲ್ಲಿ ಅದೇ ಹಾಡು ಹಚ್ಚಿದ್ದರು. ಟಕ್ ಎನ್ನಬೇಕಾದ ಜಾಗ ದಾಟಿ ಗಿಟಾರು ಮುಂದೆ ಹೋಯಿತು. ನಾನೂ ನನ್ನ ಗೆಳೆಯನೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ಅವನ ಕಣ್ಣಲ್ಲಿ ನೀರಿತ್ತು. ಎಷ್ಟೋ ದೊಡ್ಡ ಕಛೇರಿಗಳನ್ನು ಆಮೇಲೆ ಕೇಳಿದ್ದೇನೆ, ಆ ಉಳಿದ ಅಷ್ಟು ಸೆಕೆಂಡುಗಳ ಸುಖ ಇನ್ನೆಲ್ಲೂ ಸಿಕ್ಕಿಲ್ಲ.

1991ರ ನವೆಂಬರಿನಲ್ಲಿ ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡ. ಅವನ ಹುಟ್ಟುಹೆಸರು ಫರ್ರೋಖ್ ಬಲ್ಸಾರಾ, ಪಾರ್ಸಿ ಮನೆತನದವನು, ಶಾಲೆ ಕಲಿತದ್ದು ಪಂಚಗಣಿಯಲ್ಲಿ ಎಂದು ತಿಳಿದಾಗ ನಮಗಾದ ಹೆಮ್ಮೆ ಅಷ್ಟಿಷ್ಟಲ್ಲ. ನಮ್ಮ ಪಿ.ಬಿ. ರೋಡನ್ನೇ ಹಿಡಿದು ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ವಾಯಿ ಕಡೆ ಹೊರಳಿದರೆ ಪಂಚಗಣಿ. 1958ರಲ್ಲಿ ಅಲ್ಲಿನ ಸೇಂಟ್ ಪೀಟರ್ಸ್ ಶಾಲೆಯ ಹುಡುಗರು ಕಟ್ಟಿದ 'ದಿ ಹೆಕ್ಟಿಕ್ಸ್' ಎಂಬ ತಂಡದಲ್ಲಿ ಅವನು ಪಿಯಾನೋ ನುಡಿಸುತ್ತಿದ್ದ. ಈ ಸಂಗೀತ ಕಡಲಾಚೆಯವರದು, ನಮಗೆ ಸಲ್ಲದ್ದು ಎಂದು ಹಿರಿಯರು ಅಂದಾಗ, ಒಂದು ಕೊನೆಗೆ ಶಂಕರ್ ನಾಗ್, ಇನ್ನೊಂದು ಕೊನೆಗೆ ಫ್ರೆಡ್ಡಿ ಇರುವ ರೋಡು ನಮ್ಮ ಮನೆಯ ಹತ್ತಿರವೇ ಹಾದುಹೋಗಿದೆ ಎಂದು ನಾವು ವಾದಿಸುತ್ತಿದ್ದೆವು.

ಆ ವಾದಕ್ಕೆ ಪೂರ್ಣ ಉತ್ತರ ಸಿಕ್ಕಿದ್ದು 2008ರಲ್ಲಿ. ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಗುಡುಗುಡಿಯ ಪದವನ್ನೂ ಮಾಳಿಗೆಯ ಪದವನ್ನೂ ಗಿಟಾರ್, ಡ್ರಮ್ಸ್ ಜೊತೆ ಹಾಡಿದರು. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರು ಈಗ ನಮ್ಮ ಹಾವೇರಿ ಜಿಲ್ಲೆಯವರೇ. ಭಜನೆಯ ಮ್ಯಾಳದಲ್ಲಿ ಅವರನ್ನು ಕೇಳಿ ಬೆಳೆದವಳು, ಮುಂದೆ ಸಿ. ಅಶ್ವತ್ಥರ ದನಿಯಲ್ಲೂ ಕೇಳಿದವಳು ಅವ್ವ. ಊರಿಗೆ ಹೋದಾಗ ರಘು ದೀಕ್ಷಿತ್ ಹಾಡಿದ್ದನ್ನು ಹಚ್ಚಿದೆ. ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ, 'ಇದು ಶರೀಫಜ್ಜನ ಪದ ಅಲ್ಲೇನೋ?' ಎಂದಳು. ಹೌದೆಂದೆ. 'ಸೌಂಡ್ ಜಾಸ್ತಿ ಮಾಡು' ಎಂದಳು. ಅಪ್ಪ ನಿವೃತ್ತರಾಗಿ ಆಗಲೇ ವರ್ಷಗಳಾಗಿದ್ದವು.

ಈಗ ಯಾವ ಹಾಡು ಬೇಕಾದರೂ ಮೊಬೈಲಿನಲ್ಲಿ ಕೈಯಳತೆಯಲ್ಲಿದೆ, ಪೂರ್ತಿಯಾಗಿಯೇ ಇದೆ. ಬಹಳ ಒಳ್ಳೆಯದು. ಆದರೆ ಸೆಲ್ಲಿಗೆ ದುಡ್ಡು ಕೂಡಿಸಿ, ತಲೆಗೆ ತಲೆ ಹಚ್ಚಿ ಕೇಳಿದ್ದರಿಂದಲೇ ಆ ಹಾಡುಗಳು ನಮ್ಮವಾದವು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಒಬ್ಬನೇ ಕೇಳಿದ್ದರೆ ಅವು ಹಾಡಾಗಿಯಷ್ಟೇ ಉಳಿಯುತ್ತಿದ್ದವು.

ನಿಮ್ಮ ಮನೆಯ ಅಟ್ಟದ ಮೇಲೂ ಕೈಬರಹದ ಪಟ್ಟಿ ಇರುವ ಕ್ಯಾಸೆಟ್ಟುಗಳಿರಬಹುದು. ದಯವಿಟ್ಟು ಗುಜರಿಗೆ ಹಾಕಬೇಡಿ. ಬೂಸ್ಟು ಹಿಡಿದು ರೀಲು ಅಂಟಿಕೊಳ್ಳುವ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಇಳಿಸಿದ ಮೇಲೆ, ಅಂದು ಜೊತೆಗೆ ಕೂತು ಕೇಳಿದವರಿಗೆ ಒಂದು ಫೋನ್ ಮಾಡಿ, ಕರೆದು ಕೂಡಿಸಿಕೊಂಡು ಕೇಳಿ.