ಮುರಿಯಬೇಕಾದದ್ದು ಮುರಿಯಲಿ

ರಿಮೋಟ್ ಟ್ರಕ್ ಇಟ್ಟುಕೊಂಡವರಲ್ಲಿ ಎರಡು ಜಾತಿ: ಕೊಳ್ಳುವವರು ಮತ್ತು ತಿರುಗಿಸುವವರು. ಟ್ರಕ್ ನೆಟ್ಟಗೆ ಓಡಲಿಲ್ಲವೆಂದರೆ ಮೊದಲನೆಯವರು ಹೊಸ ಬಿಡಿಭಾಗ ತರಿಸುತ್ತಾರೆ. ಎರಡನೆಯವರು ಇರುವ ಸ್ಕ್ರೂವನ್ನೇ ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ ಓಡಿಸಿ ನೋಡುತ್ತಾರೆ. ನನ್ನ ಅಕ್ಕನ ಮಗ ಮೊದಲ ಜಾತಿ, ನಾನು ಎರಡನೆಯದು. ತತ್ವಕ್ಕೆ ಕಟ್ಟುಬಿದ್ದಲ್ಲ, ಪಿಂಚಣಿಗೆ ಕಟ್ಟುಬಿದ್ದು.

ಟ್ರಕ್ ಅಂದರೆ ಮೊಳ ದಾಟುವ ಉದ್ದದ, ಎರಡು ಕಿಲೋ ಮೀರಿದ ತೂಕದ, ಅಸಲಿ ಗಾಡಿಯ ಹತ್ತನೇ ಒಂದರಷ್ಟು ಅಳತೆಯ ವಾಹನ. ಹಿಂದಿನ ಎರಡು ಚಕ್ರಕ್ಕೆ ಮೋಟಾರು, ನಾಲ್ಕಕ್ಕೂ ಎಣ್ಣೆ ತುಂಬಿದ ಶಾಕ್. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಅಡ್ಡ ಇಟ್ಟುಕೊಂಡು ಹೋಗುವಾಗ ಸಿಗ್ನಲ್ಲಿನಲ್ಲಿ ಪಕ್ಕ ನಿಂತವರು "ಮೊಮ್ಮಗನಿಗಾ ಸಾರ್?" ಎನ್ನುತ್ತಾರೆ. ಹೌದೆಂದುಬಿಡುತ್ತೇನೆ. ಹಸಿರು ದೀಪ ಬರುವಷ್ಟರಲ್ಲಿ ವಿವರಿಸಿ ಮುಗಿಯುವ ವಿಷಯವಲ್ಲ ಅದು.

ನಮ್ಮ ಮೈದಾನ ಎಂದರೆ ಊರಾಚೆಯ ಒಂದು ಬಡಾವಣೆ. ಸೈಟು ಹಂಚಿ, ಗಡಿಕಲ್ಲು ನೆಟ್ಟು, ಚರಂಡಿಗೆಂದು ಅಗೆದ ಕೆಮ್ಮಣ್ಣನ್ನು ಅಲ್ಲಲ್ಲೇ ಗುಡ್ಡೆ ಹಾಕಿಬಿಟ್ಟಿದ್ದಾರೆ. ಮನೆಗಳು ಏಳುವವರೆಗೆ ಆ ಗುಡ್ಡೆಗಳೆಲ್ಲ ನಮ್ಮವು. ಕ್ರಿಕೆಟ್ ಹುಡುಗರು ಬರುವ ಮೊದಲು ನಮ್ಮ ಓಟ ಮುಗಿಯಬೇಕು, ಅಷ್ಟೆ.

ಟ್ಯೂನಿಂಗ್‌ನಲ್ಲಿ ನನಗೆ ತೀರಾ ಪ್ರೀತಿಯ ಕೆಲಸ ಶಾಕಿಗೆ ಎಣ್ಣೆ ತುಂಬುವುದು. ಹೆಬ್ಬೆರಳು ಗಾತ್ರದ ಕೊಳವೆ, ಒಳಗೆ ಸೂಜಿತೂತುಗಳಿರುವ ಪಿಸ್ಟನ್. ಸಿಲಿಕಾನ್ ಎಣ್ಣೆ ಹೊಯ್ದು ಪಿಸ್ಟನ್ನನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ಅಡಗಿದ ಗಾಳಿ ಗುಳ್ಳೆಗುಳ್ಳೆಯಾಗಿ ಎದ್ದು ಬರುತ್ತದೆ. ಅವಸರ ಮಾಡಿದರೆ ಗುಳ್ಳೆ ಒಡೆದು ನೂರಾಗುತ್ತದೆ. ಹಾಗೇ ನಿಲ್ಲಿಸಿ ಕಾಫಿ ಕುಡಿದು ಬಂದರೆ ಎಣ್ಣೆ ತಿಳಿಯಾಗಿರುತ್ತದೆ. ಆಮೇಲೆ ಮುಚ್ಚಳ ಬಿಗಿದು, ಎಡಬಲದ ಎರಡನ್ನೂ ಜೊತೆಯಾಗಿ ಒತ್ತಿಬಿಡಬೇಕು. ಎರಡೂ ಒಂದೇ ವೇಗದಲ್ಲಿ ಮೇಲೇಳದಿದ್ದರೆ ಮತ್ತೆ ಮೊದಲಿಂದ.

ತೆಳು ಎಣ್ಣೆ ಹಾಕಿದರೆ ಚಕ್ರ ಸಣ್ಣಪುಟ್ಟ ಉಬ್ಬುತಗ್ಗನ್ನೆಲ್ಲ ನೆಲಕ್ಕಂಟಿಕೊಂಡೇ ದಾಟುತ್ತದೆ, ಆದರೆ ಗುಡ್ಡೆ ಹಾರಿ ಬಿದ್ದಾಗ ಹೊಟ್ಟೆ ನೆಲಕ್ಕೆ ಬಡಿಯುತ್ತದೆ. ಗಟ್ಟಿ ಎಣ್ಣೆಯಾದರೆ ಹಾರಿ ಇಳಿಯುವುದೇನೋ ಚೆಂದ, ಉಬ್ಬುತಗ್ಗಿನಲ್ಲಿ ಮಾತ್ರ ಚಕ್ರ ಕುಪ್ಪಳಿಸಿ ಹಿಡಿತ ತಪ್ಪುತ್ತದೆ. ಎರಡೂ ಬೇಕೆನ್ನುವವನಿಗೆ ಯಾವ ಅಂಗಡಿಯಲ್ಲೂ ಎಣ್ಣೆ ಸಿಗುವುದಿಲ್ಲ. ಟ್ರಕ್ಕನ್ನು ಮೊಣಕಾಲೆತ್ತರದಿಂದ ಕೈಬಿಟ್ಟು ನೋಡಬೇಕು: ಹೊಟ್ಟೆ ನೆಲಕ್ಕೆ ಒಂಚೂರು ಸೋಕಿ ಎದ್ದು ನಿಂತರೆ ಹದ. ಸಿಲಿಕಾನ್ ಎಣ್ಣೆ ಬಿಸಿಗೆ ಬೇರೆ ಎಣ್ಣೆಗಳಷ್ಟು ತೆಳ್ಳಗಾಗುವುದಿಲ್ಲ, ನಿಜ. ಆದರೂ ಡಿಸೆಂಬರ್ ಬೆಳಗ್ಗೆಯ ಹದ ಏಪ್ರಿಲ್ ಮಧ್ಯಾಹ್ನಕ್ಕೆ ಉಳಿಯದು.

ಆಟದ ಗಾಡಿಗೆ ಇಂಥ ಎಣ್ಣೆಯ ಶಾಕ್ ಬಂದದ್ದೇ ಒಂದು ಕಥೆ. ಜಪಾನಿನ ಶಿಜುವೊಕಾದ ಟಮಿಯಾ ಕಂಪನಿ 1976ರಲ್ಲಿ ತನ್ನ ಮೊದಲ ರೇಡಿಯೊ ಕಾರು ತಂದಿತು: ಪೋರ್ಷೆ 934, ನಯವಾದ ನೆಲಕ್ಕೇ ಹೇಳಿಮಾಡಿಸಿದ್ದು. ಅಸಲಿ ಪೋರ್ಷೆಯೊಂದನ್ನು ಕೊಂಡು ಬಿಚ್ಚಿ ಹರಡಿ ಅಭ್ಯಾಸ ಮಾಡಿದ ಕಂಪನಿ ಅದು. ನಮ್ಮ ಜಾತಿಯವರೇ ಅನ್ನಿ, ದುಡ್ಡಿದ್ದ ಶಾಖೆಯವರು. ಇತ್ತ 1967ರಿಂದ ಮೆಕ್ಸಿಕೊದ ಬಾಹಾ ಮರುಭೂಮಿಯಲ್ಲಿ ನೂರಾರು ಮೈಲಿಯ ರೇಸು ನಡೆಯುತ್ತಿತ್ತು. ಮಡ್‌ಗಾರ್ಡ್ ಕತ್ತರಿಸಿ ದಪ್ಪ ಟೈರು ಏರಿಸಿದ ಫೋಕ್ಸ್‌ವ್ಯಾಗನ್ ಬೀಟಲ್‌ಗಳು ಆ ಮರಳಿನಲ್ಲಿ ಹೆಸರು ಮಾಡಿದ್ದವು. 1979ರಲ್ಲಿ ಟಮಿಯಾ ಅಂಥದ್ದೇ ಬೀಟಲ್‌ನ ಮಾದರಿಯನ್ನು ಸ್ಯಾಂಡ್ ಸ್ಕಾರ್ಚರ್ ಎಂಬ ಹೆಸರಿನಲ್ಲಿ ತಂದಿತು. ಅದರಲ್ಲಿ ಎಣ್ಣೆಯ ಡ್ಯಾಂಪರ್ ಇತ್ತು, ನೀರು ಹೊಗದಂತೆ ರೇಡಿಯೊಗೊಂದು ಡಬ್ಬಿಯೂ ಇತ್ತು. ಪೆಟ್ಟಿಗೆಯ ಆಟಿಕೆ ಅಂಗಳದ ಮಣ್ಣಿಗೆ ಇಳಿಯಿತು.

1984ರಲ್ಲಿ ಟಮಿಯಾದ ಗ್ರಾಸ್‌ಹಾಪರ್, ಹಾರ್ನೆಟ್ ಎಂಬ ಅಗ್ಗದ ಬಗ್ಗಿಗಳು ದೇಶದೇಶದ ಹುಡುಗರ ಕೈಗೆ ಬಂದವು. ನಾನಾಗ ಐಟಿಐ ಹುಡುಗ, ಒಂದು ಕಬ್ಬಿಣದ ತುಂಡನ್ನು ಅರದಲ್ಲಿ ಉಜ್ಜಿ ಚಚ್ಚೌಕ ಮಾಡುವುದೇ ದಿನದ ಬಾಳು. ಬ್ರಿಗೇಡ್ ರಸ್ತೆಯ ಅಂಗಡಿಯೊಂದರ ಗಾಜಿನ ಹಿಂದೆ ವಿದೇಶದಿಂದ ಬಂದ ಒಂದು ಬಗ್ಗಿ ಕೂತಿತ್ತು. ಬೆಲೆ ಕೇಳುವ ಧೈರ್ಯವಿರಲಿಲ್ಲ, ಕೇಳದೆ ನಿಂತು ನೋಡುವುದಕ್ಕೆ ಬೆಲೆಯೂ ಇರಲಿಲ್ಲ. ಆಗಿನ ಗಾಡಿಗಳ ಒಳಗನ್ನು ಈಗ ನೆನೆದರೆ ನಗು ಬರುತ್ತದೆ. ಬೇರಿಂಗ್ ಇರಬೇಕಾದಲ್ಲಿ ಪ್ಲಾಸ್ಟಿಕ್ ಬುಷ್. ವೇಗ ಇಳಿಸಬೇಕಾದರೆ ಬ್ಯಾಟರಿಯ ಶಕ್ತಿಯನ್ನು ಒಂದು ರೆಸಿಸ್ಟರ್‌ಗೆ ಹರಿಸಿ ಶಾಖ ಮಾಡಿ ಕಳೆಯುವುದು. ನಿಧಾನ ಹೋದರೂ ಕರೆಂಟು ಖರ್ಚೇ.

ಅದೇ ವರ್ಷ ಕ್ಯಾಲಿಫೋರ್ನಿಯಾದ ಟೀಮ್ ಅಸೋಸಿಯೇಟೆಡ್ ಆರ್‌ಸಿ10 ಎಂಬ ಬಗ್ಗಿ ತಂದಿತು. ಅದನ್ನು ರೂಪಿಸಿದವರಿಗೆ ಬಾಲಕರ ಹಂಗಿರಲಿಲ್ಲ, ಗೆಲ್ಲುವುದೊಂದೇ ಬೇಕಿತ್ತು. 1985ರಲ್ಲಿ ಡೆಲ್ ಮಾರ್‌ನಲ್ಲಿ ನಡೆದ ಮೊದಲ ಆಫ್-ರೋಡ್ ವಿಶ್ವ ಚಾಂಪಿಯನ್‌ಶಿಪ್‌ನ ಎರಡು ಚಕ್ರದ ಚಾಲನೆಯ ವಿಭಾಗದಲ್ಲಿ ಜೇ ಹಾಲ್ಸಿ ಗೆದ್ದದ್ದು ಇದರಲ್ಲೇ. ನನ್ನ ಕಣ್ಣು ನಿಲ್ಲುವುದು ಕಪ್ಪಿನ ಮೇಲಲ್ಲ, ಗಾಡಿಯ ಲೋಹದ ಮೇಲೆ. ಚಿನ್ನದ ಬಣ್ಣದ ಅಲ್ಯೂಮಿನಿಯಂ ತೊಟ್ಟಿಯೇ ಅದರ ಬೆನ್ನೆಲುಬು. ಆದರೆ ಚಕ್ರ ಹಿಡಿಯುವ ತೋಳುಗಳು ನೈಲಾನ್. ಗಟ್ಟಿ ಎಲ್ಲಿರಬೇಕು, ಮೆತ್ತಗೆ ಎಲ್ಲಿರಬೇಕು ಎಂದು ಆ ಮಹಾನುಭಾವರು ಅಂದೇ ಇತ್ಯರ್ಥ ಮಾಡಿಬಿಟ್ಟಿದ್ದರು.

ಅಳಿಯನಿಗೆ ಈ ಪುರಾಣವೆಲ್ಲ ಬೇಡ. ಒಂದು ಭಾನುವಾರ ಟ್ರಕ್ಕಿನ ನಾಲ್ಕೂ ತೋಳು ಥಳಥಳ ನೀಲಿ ಮಾಡಿಕೊಂಡು ಬಂದ.

"7075 ಅಲ್ಯೂಮಿನಿಯಂ ಮಾಮ. ವಿಮಾನಕ್ಕೆ ಹಾಕೋದು."

ಅದೇ ಲೋಹವನ್ನು ಲೇತಿಗೆ ಕಟ್ಟಿ ಹೊಟ್ಟೆ ಹೊರೆದವನಿಗೆ ಹೇಳುತ್ತಿದ್ದಾನೆ. "ಹಾರಿಸ್ತೀಯೇನೋ?" ಅಂದೆ.

ಹಾರಿಸಿದ. ಗುಡ್ಡೆಯಿಂದ ಇಳಿದ ಟ್ರಕ್ ನೇರ ಗಡಿಕಲ್ಲಿಗೆ ಬಡಿಯಿತು. ತೋಳಿಗೆ ಗೀರು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಆ ತೋಳು ಕೂತಿದ್ದ ಮುಂಭಾಗದ ಬುಡವೇ ಸೀಳಿತ್ತು, ಪಿನ್ನು ಬಾಗಿತ್ತು. ನೈಲಾನ್ ತೋಳು ಮುರಿದಿದ್ದರೆ ಒಂದೆರಡು ಸ್ಕ್ರೂ ಬಿಚ್ಚಿ ಮೈದಾನದಲ್ಲೇ ಬದಲಿಸಬಹುದಿತ್ತು. ಬುಡ ಬದಲಿಸಬೇಕಾದರೆ ಸರ್ವೋ, ಸ್ಟೀರಿಂಗ್, ಶಾಕ್ ಎಲ್ಲ ಇಳಿಸಿ ಗಾಡಿಯ ಅರ್ಧವನ್ನು ಮೇಜಿನ ಮೇಲೆ ಹರಡಬೇಕು.

ನಮ್ಮಪ್ಪ ಆಗಿನ ಕೆಇಬಿಯಲ್ಲಿ ಲೈನ್‌ಮನ್. ಪದೇಪದೇ ಫ್ಯೂಸ್ ಹೋಗುತ್ತದೆಂದು ಮೀಟರ್ ಬೋರ್ಡಿಗೆ ದಪ್ಪ ತಂತಿ ಸುತ್ತಿದವರ ಮನೆಗೆ ಹೋದರೆ ಅಪ್ಪನಿಗೆ ಎಲ್ಲಿಲ್ಲದ ಸಿಟ್ಟು. "ತಂತಿ ಉಳೀತು, ಗೋಡೆಯೊಳಗಿಂದು ಸುಡ್ತು," ಎಂದು ಬೈಯುತ್ತ ಎಳೆತಂತಿ ಕಟ್ಟಿ ಬರುತ್ತಿದ್ದರು. ಅಳಿಯನಿಗೂ ಅದನ್ನೇ ಹೇಳಿದೆ. ಫ್ಯೂಸ್ ತಂತಿ ಎಂದರೇನೆಂದು ಕೇಳಿದ. ಅವರ ಅಪಾರ್ಟ್‌ಮೆಂಟಿನಲ್ಲಿ ಎಲ್ಲ ಎಂಸಿಬಿ.

ಅಪ್‌ಗ್ರೇಡೇ ಬೇಡವೆನ್ನುವ ಮಡಿವಂತಿಕೆ ನನಗಿಲ್ಲ. ಶಾಕಿನ ಪ್ಲಾಸ್ಟಿಕ್ ಮುಚ್ಚಳ ಜೋರು ಪೆಟ್ಟಿಗೆ ಎಗರಿ ಎಣ್ಣೆಯೆಲ್ಲ ಮಣ್ಣುಪಾಲಾಗುತ್ತದೆ. ಅಲ್ಲಿ ಅಲ್ಯೂಮಿನಿಯಂ ಬೇಕು. ಸ್ಟೀರಿಂಗ್ ಸರ್ವೋಗೆ ಲೋಹದ ಹಲ್ಲು ಬೇಕು. ಬೇರಿಂಗು ರಬ್ಬರ್ ಸೀಲಿನವೇ ಬೇಕು, ಕೆಮ್ಮಣ್ಣಿನ ದೂಳು ಉಳಿದದ್ದನ್ನೆಲ್ಲ ತಿಂದುಹಾಕುತ್ತದೆ. ಅವು ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಅಳತೆ ಹೇಳಿದರೆ ಸಾಕು, ಗಾಡಿಯ ಹೆಸರು ಹೇಳಬಾರದು, ಹೇಳಿದರೆ ಬೆಲೆ ಏರುತ್ತದೆ. ಉಳಿದದ್ದೆಲ್ಲ ಹಡಗು ಹತ್ತಿ ಬರಬೇಕು. ಆಟಿಕೆಗಳ ಆಮದು ಸುಂಕವನ್ನು 2020ರ ಬಜೆಟ್ಟಿನಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಒಳ್ಳೆಯದಾಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ್ಯಾರೂ ಇನ್ನೂ ಸ್ಲಿಪ್ಪರ್ ಕ್ಲಚ್ ಕಡೆಯುತ್ತಿಲ್ಲ.

ನಮ್ಮದು ಶಾರ್ಟ್ ಕೋರ್ಸ್ ಟ್ರಕ್ಕಿನ ಮಾದರಿ. 2008ರಲ್ಲಿ ಟ್ರ್ಯಾಕ್ಸಸ್ ಕಂಪನಿಯ ಸ್ಲ್ಯಾಶ್ ಬಂದ ಮೇಲೆ ಇವುಗಳ ಕಾಲವೇ ಶುರುವಾಯಿತು. ಬಗ್ಗಿಗಳ ಚಕ್ರ ಹೊರಗಿರುವುದರಿಂದ ಒಂದರ ಚಕ್ರ ಇನ್ನೊಂದಕ್ಕೆ ಸಿಕ್ಕಿ ಪಲ್ಟಿ ಹೊಡೆಯುತ್ತವೆ. ಇವುಗಳಿಗೆ ಮೈತುಂಬ ಬಾಡಿ, ಮುಂದೆ ಹಿಂದೆ ಬಂಪರು. ಒಂದಕ್ಕೊಂದು ಉಜ್ಜಿಕೊಂಡೇ ತಿರುವು ದಾಟುತ್ತವೆ. ತೊಂದರೆಯೆಂದರೆ ಹಾರಿದಾಗ ಆ ಬಾಡಿಯೊಳಗೆ ಗಾಳಿ ತುಂಬಿ ಮೂತಿ ಮೇಲಕ್ಕೇಳುತ್ತದೆ. ಅದಕ್ಕೆ ಹಿಂಭಾಗದಲ್ಲಿ ಕಿಟಕಿಯಂತೆ ತೂತು ಕತ್ತರಿಸುತ್ತಾರೆ. ಅಳಿಯ ದುಡ್ಡು ಕೊಟ್ಟು ಸ್ಟಿಕ್ಕರ್ ಅಂಟಿಸಿದ ಜಾಗದಲ್ಲೇ ನಾನು ಕತ್ತರಿ ಹಾಕಬೇಕಾಗಿ ಬಂದಾಗ ಅವನು ಒಳಗೆ ಹೋಗಿ ಕೂತ.

ಮೂತಿ ಎದ್ದರೆ ಇಳಿಸುವ ಪುಕ್ಕಟೆ ಉಪಾಯವೂ ಒಂದಿದೆ. ಟ್ರಕ್ ಗಾಳಿಯಲ್ಲಿರುವಾಗ ಬ್ರೇಕ್ ಒತ್ತಿದರೆ ತಿರುಗುವ ಚಕ್ರಗಳು ನಿಂತು, ಅವುಗಳ ತಿರುಗುವಿಕೆ ಇಡೀ ಗಾಡಿಗೆ ವರ್ಗವಾಗಿ ಮೂತಿ ಕೆಳಗಿಳಿಯುತ್ತದೆ. ಮೂತಿ ತಗ್ಗಿದ್ದರೆ ಆಕ್ಸಿಲರೇಟರ್ ಒತ್ತಬೇಕು, ಮೇಲೇಳುತ್ತದೆ. ಹಿಡಿದುಕೊಳ್ಳಲು ನೆಲವೇ ಇಲ್ಲದ ಕಡೆ ಗಾಡಿ ಬೆರಳಿನ ಮಾತು ಕೇಳುತ್ತದೆ! ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರು ತಿರುಗುವ ಕುರ್ಚಿ ಹಿಡಿದು ಹೇಳಿದ್ದು ನನಗೆ ಪೂರ್ತಿ ಅರ್ಥವಾದದ್ದು ಈ ಕೆಮ್ಮಣ್ಣಿನ ಗುಡ್ಡೆಯ ಮೇಲೆಯೇ.

ಈಚೆಗೆ ಅಳಿಯನ ಗಮನ ಪಿನಿಯನ್, ಅಂದರೆ ಮೋಟಾರಿನ ಪುಟ್ಟ ಗೇರಿನ ಕಡೆ ತಿರುಗಿದೆ. ಹಲ್ಲು ಹೆಚ್ಚಿಸಿದಷ್ಟೂ ವೇಗ ಹೆಚ್ಚು, ಜೊತೆಗೇ ಮೋಟಾರಿನ ಜ್ವರವೂ. ಎರಡು ಗೇರಿನ ನಡುವೆ ನೋಟ್‌ಬುಕ್ಕಿನ ಕಾಗದದ ಚೂರು ಸೇರಿಸಿ ಮೋಟಾರು ಬಿಗಿದು, ಕಾಗದ ಎಳೆದರೆ ಹಲ್ಲಿನ ಸಡಿಲ ಸರಿಯಾಗಿರುತ್ತದೆ. ಅದನ್ನು ಕಲಿಸಿದೆ, ಕಲಿತ. ಈಗ ಎರಡು ಸೆಲ್ಲಿನ ಬ್ಯಾಟರಿ ಸಾಲದು, ಮೂರರದ್ದು ಬೇಕಂತೆ. ಎರಡರದ್ದನ್ನೇ ನಾನು ಬಾಲ್ಕನಿಯಲ್ಲಿ ಮಣ್ಣಿನ ಗಡಿಗೆಯೊಳಗೆ ಇಟ್ಟು ಚಾರ್ಜ್ ಮಾಡುವವನು. ಈ ಲಿಪೊ ಬ್ಯಾಟರಿ ಸಿಡಿದರೆ ಬೆಂಕಿ ಸುಲಭಕ್ಕೆ ಬಗ್ಗುವುದಿಲ್ಲ. ಸೆಲ್ಲಿಗೆ 4.2 ವೋಲ್ಟ್ ಮೀರಬಾರದು, ಎತ್ತಿಡುವಾಗ 3.8ಕ್ಕೆ ಇಳಿಸಿಡಬೇಕು, ಪೂರ್ತಿ ಖಾಲಿ ಮಾಡಲೇಬಾರದು.

ಇವೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಒಳಗಿಂದ ಇವಳ ದನಿ ಬಂತು: "ರೀ, ಮಾವಿನಕಾಯಿ ಹೆಚ್ಚಿಟ್ಟಿದೀನಿ, ಉಪ್ಪಿಗೆ ಹಾಕೋಕೆ ಗಡಿಗೆ ಹುಡುಕ್ತಾ ಇದೀನಿ, ನೀವೇನಾದ್ರೂ ನೋಡಿದ್ರಾ?" ಅಳಿಯ ಸದ್ದಿಲ್ಲದೆ ಬ್ಯಾಟರಿ ಎತ್ತಿಕೊಂಡು ಗಡಿಗೆಯನ್ನು ನನ್ನ ಕೈಗೆ ಕೊಟ್ಟ.