ಸರ್ ಹತ್ರ ಒಂದು ಪತ್ರ ಕೇಳೋದು

ಸಂಜಿಮುಂದ ಬಾಜೂ ಮನಿಗೆ ಹೆಪ್ಪು ಕೇಳ್ಲಿಕ್ಕೆ ಹೋಗೋದು ನಮಗೇನು ಹೊಸಾದಲ್ಲ. ಆದ್ರ ನನ್ನ ಮಗಳು ತನ್ನ ಗೈಡ್ ಹತ್ರ ಒಂದು ಪತ್ರ ಕೇಳ್ಲಿಕ್ಕೆ ಹದಿನೈದು ದಿವಸ ಒದ್ದಾಡಿದ್ದು ನೋಡಿದ ಮ್ಯಾಲೆ, ಕೇಳೋದೂ ಒಂದು ವಿದ್ಯಾನೇ ಅನಸ್ತು.

ಅಕಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಒಂದು ಲ್ಯಾಬಿನ್ಯಾಗ ಕೆಲಸಾ ಮಾಡ್ಯಾಳ. ಈಗ ಅಮೆರಿಕಾದಾಗ ಪಿಎಚ್.ಡಿ. ಮಾಡಬೇಕಂತ. ಅಲ್ಲೆ ಬರೇ ಮಾರ್ಕ್ಸ್ ಕಾರ್ಡ್ ಸಾಲಂಗಿಲ್ಲ. ಸಾಮಾನ್ಯವಾಗಿ ಮೂರು ಮಂದಿ ಶಿಫಾರಸು ಪತ್ರ ಬರೀಬೇಕು. ಅದನ್ನ ಇವರ ಕೈಯಾಗ ಕೊಡಂಗಿಲ್ಲ. ಯುನಿವರ್ಸಿಟಿಯವರು ಬರಿಯೋರಿಗೇ ಲಿಂಕ್ ಕಳಸ್ತಾರ, ಅವರು ನೇರ ಅಲ್ಲೇ ಹಾಕ್ತಾರ. ಆ ಪತ್ರ ನೋಡೋ ಹಕ್ಕನ್ನ ಹುಡುಗ್ರು ಮೊದಲೇ ಬಿಟ್ಟುಕೊಡೋದು ರೂಢಿ. ಭಾಳಷ್ಟು ಕಡೆ ಡಿಸೆಂಬರ್‌ನಾಗ ಕಡೇ ತಾರೀಖು, ಅದಕ್ಕ ಒಂದು ತಿಂಗಳಾದ್ರೂ ಮೊದ್ಲ ಕೇಳಬೇಕು.

“ಮತ್ತ ಕೇಳಲಾ, ಯಾಕ ಸುಮ್ನ ಕೂತಿ?” ಅಂದೆ.

“ಸರ್‌ಗೆ ನನ್ನ ಮ್ಯಾಲೆ ಸಿಟ್ಟದ ಅಮ್ಮಾ. ನಡುವ ಎರಡು ತಿಂಗಳು ಲ್ಯಾಬಿಗೆ ಹೋಗಿರಲಿಲ್ಲಲ್ಲ.”

ಆ ಎರಡು ತಿಂಗಳು ನನ್ನ ಗರ್ಭಕೋಶದ ಆಪರೇಶನ್ ಆದಾಗಿನವು. ನನಗ ಗಂಜಿ ಮಾಡಿ ಕೊಟಗೋತ, ಬಟ್ಟಿ ಒಕ್ಕೋತ ಮನ್ಯಾಗ ಉಳದಿದ್ಲು. ಸರ್‌ಗೆ ಮಾತ್ರ ‘ಮನ್ಯಾಗ ಕೆಲಸ ಅದ’ ಅಂತ ಅಷ್ಟೇ ಹೇಳಿದ್ಲಂತ. ಕೇಳಿ ನನ್ನ ಹೊಟ್ಟಿ ಚುರ್ ಅಂತು.

“ಈಗರೆ ಖರೇ ಹೇಳು. ನಾಚಿಕಿ ಪಡೋವಂಥಾದ್ದು ಏನದ ಅದ್ರಾಗ?” ಅಂದೆ.

ಆವತ್ತ ರಾತ್ರಿ ಅಕಿ ಮೇಲ್ ಬರದ್ಲು. ಆಪರೇಶನ್ನಿನ ವಿಷಯ ಎರಡೇ ಸಾಲು. ಅದರ ಜೋಡಿ ಬಯೋಡಾಟಾ, ತಾನು ಮಾಡಬೇಕಂದಿದ್ದ ಸಂಶೋಧನೆಯ ಬರಹ, ಯಾವ ಯುನಿವರ್ಸಿಟಿಗೆ ಯಾವ ತಾರೀಖು ಅನ್ನೋ ಪಟ್ಟಿ. ಕಡೀಕೆ, “ಮನಸ್ಸಿನಿಂದ ಒಳ್ಳೆ ಪತ್ರ ಬರೀಲಿಕ್ಕೆ ಆಗ್ತದೇನು ಸರ್? ಆಗಲಿಕ್ಕಿಲ್ಲಂದ್ರ ಸಂಕೋಚಿಲ್ಲದ ಹೇಳ್ರಿ” ಅಂತ. ಅರೆಮನಸ್ಸಿನ ಪತ್ರ ಬಂದ್ರ ಕೆಲಸ ಕೆಡ್ತದಂತ.

ಮೂರು ದಿವಸಕ್ಕ ಉತ್ತರ ಬಂತು: “ಅವಾಗೇ ಹೇಳಬೇಕಿತ್ತಮ್ಮ. ಬರೀತೀನಿ. ನೀ ಮಾಡಿದ ಕೆಲಸ ನೆನಪು ಮಾಡಿ ಕಳಸು.”

ಇಕಿ ‘ಶ್ರದ್ಧೆ, ಶಿಸ್ತು, ಪರಿಶ್ರಮ’ ಅಂತ ಬರಕೊಂಡು ಕೂತಿದ್ಲು. “ಇದೇನು ಗಂಡಿನ ಕಡೆಯವರಿಗೆ ಹೇಳೋ ಮಾತೇನ? ಏನು ಮಾಡಿದಿ ಅದನ್ನ ಬರಿ” ಅಂದೆ. ಅವಾಗ ಹೇಳಿದ್ಲು: ಒಂದು ರಾತ್ರಿ ಕರೆಂಟ್ ಹೋಗಿ ಫ್ರೀಜರ್ ಬಂದಾದಾಗ, ಒಂದು ವರ್ಷದ ಸ್ಯಾಂಪಲ್ಲೆಲ್ಲಾ ಐಸ್ ಡಬ್ಬಿಯಾಗ ತುಂಬಿ, ಒಬ್ಬಾಕಿನ ಬ್ಯಾರೆ ವಿಭಾಗದ ಫ್ರೀಜರಿಗೆ ಸಾಗಿಸಿದ್ಲಂತ. ಆವತ್ತ ಹನ್ನೊಂದಕ್ಕ ಮನಿಗೆ ಬಂದಾಕಿಗೆ ‘ಹೆಣ್ಮಕ್ಕಳು ಬರೋ ಹೊತ್ತೇನ ಇದು’ ಅಂತ ನಾ ಬೈದಿದ್ದೆ. ಅಕಿ ಉಣಲಾರದ ಮಲಕೊಂಡಿದ್ಲು.

ನಾ ಪಿಯುಸಿ ಮುಗಿಸಿದಾಗ ನನ್ನ ಟಿಸಿ ಮ್ಯಾಲೆ ‘ನಡತೆ ಉತ್ತಮ’ ಅಂತ ಬರದಿದ್ರು. ಕ್ಲಾಸಿನ ಎಲ್ಲಾರದ್ರ ಮ್ಯಾಲೂ ಅದೇ ಇತ್ತು. ನನ್ನ ಬಗ್ಗೆ ಯಾರೋ ಬರದದ್ದು ಅದೊಂದೇ.

ಸರ್ ಪತ್ರ ಹಾಕ್ಯಾರ. ಅದ್ರಾಗ ಏನು ಬರದಾರೋ, ನಾವು ಯಾರೂ ನೋಡಂಗಿಲ್ಲ. ಆ ಫ್ರೀಜರಿನ ರಾತ್ರಿ ಇದ್ರ ಸಾಕು.