ಕಬಿನಿಯ ನೀರಲ್ಲಿ ನಿಂತ ಬೋಳು ಮರಗಳು

ಮೈಸೂರಿನಿಂದ ಹೆಗ್ಗಡದೇವನಕೋಟೆ ದಾಟಿ ಮುಂದೆ ಹೋದರೆ ಕಬಿನಿ ಹಿನ್ನೀರು. ಅಲ್ಲಿಗೆ ಹೋಗುವವರೆಲ್ಲ ಹುಲಿ, ಆನೆ ನೋಡಬೇಕೆಂದೇ ಹೋಗುತ್ತಾರೆ. ಮೊಮ್ಮಗಳನ್ನು ಕರೆದುಕೊಂಡು ನಾನು ಹೋದದ್ದೂ ಅದಕ್ಕೇ. ಹುಲಿ ಕಾಣಲಿಲ್ಲ. ಬೋಟು ಹೊರಟ ಸ್ವಲ್ಪ ಹೊತ್ತಿಗೇ ನೀರಿನ ನಡುವೆ ನಿಂತ ಬೋಳು ಮರಗಳು ಕಂಡವು. ಎಲೆಯಿಲ್ಲ, ತೊಗಟೆಯಿಲ್ಲ, ಬಿಸಿಲಿಗೆ ಮೂಳೆಯಂತೆ ಬಿಳಿಚಿದ ಕಾಂಡಗಳು.

"ತಾತ, ಸತ್ತುಹೋದ ಮರ ಇನ್ನೂ ಯಾಕೆ ಬಿದ್ದಿಲ್ಲ?" ಎಂದು ಮೊಮ್ಮಗಳು ಕೇಳಿದಳು.

ಮರವನ್ನು ಕೊಳೆಸುವುದು ಅಣಬೆ ಜಾತಿಯ ಶಿಲೀಂಧ್ರಗಳು. ಅವಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ನೀರಿನ ಆಳದಲ್ಲಿ ತೇವ ಬೇಕಾದಷ್ಟಿದೆ, ಗಾಳಿ ಸಾಲದು. ಮೇಲೆ ಚಾಚಿದ ಕೊಂಬೆಗೆ ಗಾಳಿಯಿದೆ, ತೇವ ನಿಲ್ಲುವುದಿಲ್ಲ. ಎರಡೂ ಕೂಡುವುದು ನೀರು ಏರಿಳಿಯುವ ಮಟ್ಟದಲ್ಲಿ. ಮರ ಲಡ್ಡಾಗುವುದು ಅಲ್ಲೇ. ಬೇಲಿಯ ಗೂಟ ಸರಿಯಾಗಿ ನೆಲಮಟ್ಟದಲ್ಲೇ ಮುರಿಯುವುದನ್ನು ನಮ್ಮ ವಯಸ್ಸಿನವರು ನೋಡಿರುತ್ತೀರಿ. ಇದೂ ಹಾಗೇ.

ಇವು ನೀರಲ್ಲಿ ಹುಟ್ಟಿದ ಮರಗಳಲ್ಲ ಮಕ್ಕಳೇ. ಇದು ಕಾಕನಕೋಟೆಯ ಕಾಡು. ಆನೆ ಹಿಡಿಯುವ ಖೆಡ್ಡಾಕ್ಕೆ ಹೆಸರಾಗಿದ್ದ ಜಾಗ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಬೀಚನಹಳ್ಳಿಯ ಹತ್ತಿರ ಅಣೆಕಟ್ಟು ಮುಗಿಯಿತು. ಗದ್ದೆಗಳಿಗೆ ನೀರು ಬಂತು, ಅದರಿಂದ ಉಂಡವರು ಬಹಳ ಮಂದಿ. ಆದರೆ ಕಾಡೂ ಊರುಗಳೂ ಮುಳುಗಿದವು. ಜನ ಗಂಟುಮೂಟೆ ಕಟ್ಟಿಕೊಂಡು ಎದ್ದು ಹೋದರು. ಮರ ಎಲ್ಲಿಗೆ ಹೋಗಬೇಕು? ಬೇರಿಗೂ ಉಸಿರಾಡಲು ಗಾಳಿ ಬೇಕು. ಅದು ಸಿಗದೆ ನಿಂತ ನಿಂತಲ್ಲೇ ಒಣಗಿದವು. ಸಂಜೆ ಹೊತ್ತು ಕ್ಯಾಮೆರಾ ಹಿಡಿದವರು ಈ ಮರಗಳನ್ನು ಕಂಡು ಎಷ್ಟು ಚೆಂದ ಎನ್ನುತ್ತಾರೆ. ಚೆಂದವೇ, ಅಲ್ಲವೆನ್ನುವುದಿಲ್ಲ. ಅದು ಹೇಗೆ ಬಂದ ಚೆಂದ ಎಂಬುದನ್ನೂ ಮಕ್ಕಳಿಗೆ ಹೇಳಬೇಕು ಅಷ್ಟೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ವರ್ಷಗಟ್ಟಲೆ ಹಣ ಹಾಕದ, ತೆಗೆಯದ ಖಾತೆಗಳನ್ನು ಬೇರೆ ಪಟ್ಟಿಗೆ ಸೇರಿಸುತ್ತಿದ್ದೆವು. ಈ ಮರಗಳನ್ನು ಆ ಪಟ್ಟಿಗೆ ಸೇರಿಸುವಂತಿಲ್ಲ. ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ವ್ಯವಹಾರ! ಒಂದು ಮರದ ಮೇಲೆ ನೀರುಕಾಗೆಗಳು ರೆಕ್ಕೆ ಹರವಿ ಕೂತಿದ್ದವು. ಅವುಗಳ ಗರಿ ನೀರಲ್ಲಿ ನೆನೆಯುತ್ತದೆ, ಮೀನಿಗಾಗಿ ಮುಳುಗೆದ್ದ ಮೇಲೆ ಬಿಸಿಲಿಗೆ ಒಣಗಿಸಿಕೊಳ್ಳಬೇಕು. ಹಾವಿನಂಥ ಕತ್ತಿನ ಹಾವಕ್ಕಿಯದೂ ಅದೇ ಪಾಡು. ಚಳಿಗಾಲಕ್ಕೆ ವಲಸೆ ಬರುವ ಆಸ್ಪ್ರೆ ಎಂಬ ದೊಡ್ಡ ಹಕ್ಕಿ ನೀರಿಗೆರಗಿ ಮೀನನ್ನು ಕಾಲಲ್ಲೇ ಹಿಡಿಯುತ್ತದೆ. ಜಾರದಂತೆ ಅದರ ಪಾದದಡಿ ಮುಳ್ಳಿನಂಥ ಒರಟು ಇದೆ. ಹಿಡಿದದ್ದನ್ನು ತಿನ್ನಲು ಬೋಳು ಕೊಂಬೆಯೇ ಅನುಕೂಲ. ಎಲೆಯ ಅಡ್ಡಿಯಿಲ್ಲ, ನಾಲ್ಕು ಕಡೆ ನೋಟ.

ದಡದ ಕಾಡಿನಲ್ಲೂ ಒಣಮರಗಳಿವೆ. ಮರಕುಟಿಗ ಅಂಥವನ್ನು ಕೊರೆದು ಗೂಡು ಮಾಡುತ್ತದೆ. ಅದು ಬಿಟ್ಟುಹೋದ ಪೊಟರೆಗೆ ಗಿಳಿಯೋ ಮೈನಾವೋ ಬಾಡಿಗೆ ಕೊಡದೆ ಬಂದು ಸೇರುತ್ತದೆ. ಒಣಗಿದ್ದು ಸೌದೆಗಾದರೂ ಆಗಲಿ ಎನ್ನುವುದು ನಮ್ಮ ಕಾಲದ ಮಾತು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನೂ ತೆಗೆಯಬಾರದೆಂದು ಸುಪ್ರೀಂ ಕೋರ್ಟ್ 2000ನೇ ಇಸವಿ ಫೆಬ್ರವರಿಯಲ್ಲಿ ಆದೇಶಿಸಿತು. ಶಾಲೆಯ ಅಂಗಳದಲ್ಲೋ ರಸ್ತೆಯ ಪಕ್ಕದಲ್ಲೋ ಒಣಮರವನ್ನು ಹಾಗೆ ಬಿಡಲಾಗದು, ಯಾರ ತಲೆ ಮೇಲಾದರೂ ಬಿದ್ದೀತು. ಕಾಡಿನಲ್ಲಿ ಅದು ಯಾರಿಗೂ ಅಡ್ಡಿಯಲ್ಲ.

ಬೋಟಿನವರು ಒಂದು ಮಾತು ಹೇಳಿದರು: "ನಾನು ಕೆಲಸಕ್ಕೆ ಸೇರಿದಾಗ ಇನ್ನೂ ಬಹಳ ಇದ್ವು ಸಾರ್. ಮಳೆಗಾಲ ಕಳೆದು ಬಂದರೆ ಒಂದೆರಡು ಇರಲ್ಲ." ಬಿದ್ದ ಮರದ ಜಾಗದಲ್ಲಿ ಇನ್ನೊಂದು ಹುಟ್ಟುವಂತಿಲ್ಲ, ಕೆಳಗಿರುವುದು ನೀರು. ಮೊಮ್ಮಗಳು ಹಕ್ಕಿ ಕೂತ ಮರಗಳನ್ನು ಮಾತ್ರ ಎಣಿಸಿ ಪುಸ್ತಕದಲ್ಲಿ ಬರೆದುಕೊಂಡಳು, ಹದಿನೇಳು.

ಹೋಗುವುದಾದರೆ ಬೇಸಿಗೆಯಲ್ಲಿ ಹೋಗಿ. ನೀರು ಇಳಿದಿರುತ್ತದೆ, ಹೊಸ ಹುಲ್ಲಿಗೆ ಆನೆಗಳು ಹಿಂಡುಹಿಂಡಾಗಿ ಬರುತ್ತವೆ, ಮುಳುಗಿದ್ದ ಬೊಡ್ಡೆಗಳೂ ಕಾಣುತ್ತವೆ. ಆಸ್ಪ್ರೆ ನೋಡಬೇಕಾದರೆ ಚಳಿಗಾಲವೇ ಸರಿ. ಮರದ ಹತ್ತಿರ ಬಂದಾಗ ಇಂಜಿನ್ ಸ್ವಲ್ಪ ನಿಲ್ಲಿಸಿ ಎಂದು ಬೋಟಿನವರನ್ನು ಕೇಳಿಕೊಳ್ಳಿ.